ಬೂದಮ್ಮ ಬಸುರಿಯಲ್ಲ

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಕೈಹಿಡಿದ ಅಳಿಯಂದಿರಿಗೆ, ಮೊದಲು ಆಶೀರ್ವಾದ, ಆಮೇಲೆ ಬೈಗುಳ.

ನಿನ್ನೆ ಫೋನಿನಲ್ಲಿ, ಕೇಳದೆ ನಮ್ಮ ಬೆಕ್ಕಿನ ಗರ್ಭಕೋಶ ತೆಗೆಸಿದ್ರಲ್ಲ, ನೀವೂ ಒಂದು ಹೆಣ್ಣಾ ಎಂದು ಕೇಳಿ ಪಟ್ಟನೆ ಇಟ್ಟುಬಿಟ್ಟಿರಿ. ರಂಗದ ಮೇಲೆ ರಾಕ್ಷಸನಾಗಿ ಗರ್ಜಿಸುತ್ತಿದ್ದವನ ಮಗಳು ನಾನು. ಮಾತು ಗಂಟಲಲ್ಲೇ ಉಳಿದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಈ ಕಾಗದ. ಇದನ್ನು ಪಟ್ಟನೆ ಇಡಿ ನೋಡೋಣ.

ಮಗಳು ತರಬೇತಿಗೆ ಬೇರೆ ಊರಿಗೆ ಹೋದಳೆಂದು ನೀವೇ ನನ್ನನ್ನು ಕರೆಸಿದಿರಿ. ಬಾಗಿಲು ತೆರೆದವರೇ, ಅತ್ತೆ, ಬೂದಮ್ಮ ಬಸುರಿ ಎಂದು ಸಾರಿದಿರಿ. ಪೆಟ್ಟಿಗೆಯಲ್ಲಿ ನಿಮ್ಮ ಹಳೆಯ ಅಂಗಿ ಹಾಸಿ ಬಾಣಂತಿ ಕೋಣೆ ಸಿದ್ಧವಾಗಿತ್ತು. ಒಂದು ಮರಿ ಬೇಕರಿಯವನಿಗೆ, ಒಂದು ಅಂಚೆಯವಳಿಗೆ ಎಂದು ಹಂಚಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ!

ಅಲ್ಲ, ಮೂರನೇ ಮಹಡಿಯ ಬಾಲ್ಕನಿಗೆ ಬಲೆ ಬಿಗಿದವರು ನೀವು. ಹೊಸ್ತಿಲು ದಾಟದ ಹೆಣ್ಣಿನ ಶೀಲದ ಮೇಲೆ ಅಪವಾದ ಹೊರಿಸಿ, ಕೆಳಗಿನ ದರ್ಜಿಯ ಬೆಕ್ಕೇ ತಂದೆಯೆಂದು ಜಗಳವನ್ನೂ ತೆಗೆದಿರಂತೆ. ದರ್ಜಿ ನನ್ನ ಹತ್ತಿರ ಅತ್ತುಕೊಂಡ. ಅಮ್ಮಾ, ನಮ್ಮದಕ್ಕೆ ಆಪರೇಷನ್ ಆಗಿ ಯಾವ ಕಾಲ ಆಯ್ತು, ನಿಮ್ಮ ಅಳಿಯನಿಗೆ ಗಡಿಯಾರ ರಿಪೇರಿ ಬಿಟ್ರೆ ಬೇರೇನೂ ಗೊತ್ತಿಲ್ವಾ ಎಂದ.

ಹೊಟ್ಟೆ ಉಬ್ಬಿದ್ದು ನಿಜ. ಆದರೆ ಬಸುರಿಯಾದರೆ ತಟ್ಟೆ ನೆಕ್ಕಿ ಇನ್ನೂ ತಾ ಎಂದು ಕಾಲಿಗೆ ಸುತ್ತಿಕೊಳ್ಳುತ್ತಾಳೆ. ಇವಳು ಮೀನಿಗೂ ಮುಖ ತಿರುಗಿಸಿದಳು. ಬಟ್ಟಲ ನೀರು ಬರಿದು ಮಾಡಿ ಬಚ್ಚಲ ಬಕೆಟ್ಟಿಗೂ ಬಾಯಿ ಹಾಕಿದಳು. ಸದಾ ಹಿಂಭಾಗ ನೆಕ್ಕಿಕೊಳ್ಳುವಳು. ಮಲಗಿದ್ದಲ್ಲಿ ಹಳದಿ ಕಲೆ, ಕೊಳೆತ ವಾಸನೆ, ಮೈ ಕೆಂಡ. ತೋರಿಸಿದರೆ, ಹೆರಿಗೆ ಹತ್ತಿರ ಬಂತು ಅಷ್ಟೆ, ನಿಮ್ಮದೆಲ್ಲಾ ನಾಟಕ ಎಂದು ಅಂಗಡಿಗೆ ನಡೆದಿರಿ. ಕೂದಲೆಳೆಯಂಥ ಸ್ಪ್ರಿಂಗ್ ಮುರಿದದ್ದು ಕಾಣುವ ಕಣ್ಣಿಗೆ ಇದು ಕಾಣಲಿಲ್ಲವೇ?

ತರಕಾರಿ ಬುಟ್ಟಿಯಲ್ಲಿ ಆ ಅಂಗಿಯ ಸಮೇತ ಎತ್ತಿಕೊಂಡು ಓಡಿದೆ. ವೈದ್ಯೆ ಸ್ಕ್ಯಾನ್ ಮಾಡಿ, ಮರಿ ಇಲ್ಲಮ್ಮ, ಗರ್ಭಕೋಶದ ತುಂಬಾ ಕೀವು ಎಂದರು. ಬೆದೆ ಮುಗಿದ ಕೆಲವು ವಾರಕ್ಕೆ ಹೀಗಾಗುವುದುಂಟಂತೆ. ಕೆಲವಕ್ಕೆ ಕೀವು ಹೊರಗೇ ಬರಲ್ಲ, ಗೊತ್ತಾಗೋದ್ರೊಳಗೆ ಹೋಗಿಬಿಡ್ತವೆ, ಇವಳು ಪುಣ್ಯವಂತೆ, ಈಗಲೇ ತೆಗೀಬೇಕು ಎಂದರು. ನಿಮಗೆ ಫೋನ್ ಮಾಡಿದೆ. ಗಿರಾಕಿ ಇದ್ದಾರೆ, ಸಂಜೆ ಮಾತಾಡೋಣ ಎಂದಿರಿ. ಯಮನಿಗೂ ಸಂಜೆ ಬಾರಪ್ಪ ಎನ್ನಬೇಕಿತ್ತೇ? ಸಹಿ ಹಾಕಿದೆ. ಇನ್ನೊಮ್ಮೆ ಹಾಕು ಎಂದರೂ ಹಾಕುತ್ತೇನೆ.

ಬೂದಮ್ಮ ಬದುಕಿದ್ದಾಳೆ. ಆಸ್ಪತ್ರೆಯಿಂದ ನೇರ ಇಲ್ಲಿಗೇ ತಂದೆ, ಹೊಲಿಗೆ ಬಿದ್ದ ಹೊಟ್ಟೆಯೊಂದಿಗೆ ನನ್ನ ಮನೆಯಲ್ಲಿದ್ದಾಳೆ. ನಾನು ಹಾಸಿದ ಮೆತ್ತೆ ಬಿಟ್ಟು ನಿಮ್ಮ ಅಂಗಿಯ ಮೇಲೇ ಮಲಗುತ್ತಾಳೆ, ಮಾನಗೆಟ್ಟವಳು. ಬಂದು ಕರೆದುಕೊಂಡು ಹೋಗಿ. ಬರುವ ಮುಂಚೆ ದರ್ಜಿಯ ಕ್ಷಮೆ ಕೇಳಿ.

ಇಂತಿ,
ಹೆಣ್ಣೋ ಅಲ್ಲವೋ ಎಂದು ನೀವು ಅನುಮಾನಿಸಿದ
ನಿಮ್ಮ ಅತ್ತೆ

ವಿ.ಸೂ.: ಕಾಗದ ಮಡಿಸುವಾಗ ಬೂದಮ್ಮ ಅಂಗಿಯನ್ನು ಕೆದಕಿದಳು. ಮಡಿಕೆಯೊಳಗಿನಿಂದ ಉಣ್ಣೆಯ ಪುಟ್ಟ ಕುಲಾವಿಯೊಂದು ಜಾರಿತು. ಅಂಗಡಿಯ ಬೆಲೆಚೀಟಿ ಇನ್ನೂ ಹಾಗೇ ಇದೆ, ಅಕ್ಷರ ಮಾಸಿದೆ. ಮಗಳ ಬಸಿರು ಇಳಿದ ವರ್ಷದ್ದಿರಬೇಕು. ಆಗ ನೀವು ಅಳಲಿಲ್ಲ, ಕಲ್ಲು ಮನುಷ್ಯ ಎಂದುಕೊಂಡಿದ್ದೆ. ಮೇಲೆ ಬರೆದ ಕುಲಾವಿಯ ಗಾದೆಯನ್ನು ಓದಿಲ್ಲವೆಂದುಕೊಳ್ಳಿ. ಮಗಳಿಗೆ ಹೇಳಿಲ್ಲ, ಕುಲಾವಿಯನ್ನು ನಿಮ್ಮ ಕೈಗೇ ಕೊಡುತ್ತೇನೆ. ಬನ್ನಿ, ಬೈಯುವುದಿಲ್ಲ. ದರ್ಜಿಯ ಕ್ಷಮೆ ಮಾತ್ರ ಕೇಳಲೇಬೇಕು.