ಜಗಳಮಾತು ಎಂಬ ಕಾಲಂ

ಗೂಡುಬಂದರು, ಕುಂದಾಪುರ ಕರಾವಳಿ
ಉಬ್ಬರ ತಿಂಗಳು ೨೪, ೨೧೯೨

ಮಾನ್ಯ ಮುಖ್ಯೋಪಾಧ್ಯಾಯಿನಿ ಸುಗಂಧಿ ಖಾರ್ವಿ ಅವರಿಗೆ,

ಮೇಲಿನ ತಾರೀಖು ತಪ್ಪಲ್ಲ. ನಾವು ತಿಂಗಳನ್ನು ಕಡಲಿನ ಏರಿಳಿತ ನೋಡಿ ಎಣಿಸುತ್ತೇವೆ, ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೆ ಒಂದೊಂದು. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ದಿನಪತ್ರಿಕೆಗಳಿಂದ ಕಲಿತವಳು.

ನೀವು ನಡೆಸುತ್ತಿರುವ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಈಗ ನಾನು ಮುಖ್ಯಸ್ಥೆ. ಈ ವರ್ಷದ ದಾಖಲಾತಿ ನಲವತ್ತೊಂದು. ಕಟ್ಟಡ ಕಂಬಗಳ ಮೇಲಿದೆ. ನೀರೇರಿದ ದಿನ ಮಕ್ಕಳು ತೇಲುದಾರಿಯಲ್ಲಿ, ಅಂದರೆ ಹಲಗೆ ಜೋಡಿಸಿ ನೀರಿನ ಮೇಲೆ ಹಾಸಿದ ರಸ್ತೆಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಾರೆ. ಬಿಸಿಯೂಟಕ್ಕೆ ಕಡಲಪಾಚಿಯ ಸಾರು. ಅದು ಯಾರಿಗೂ ಇಷ್ಟವಿಲ್ಲ. ದಾಖಲಾತಿ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ಕಾಲಂಗಳಿವೆ: ಮನೆಮಾತು ಮತ್ತು ಜಗಳಮಾತು. ಮನೆಮಾತಿನಲ್ಲಿ ಹದಿಮೂರು ಭಾಷೆಗಳಿವೆ. ಜಗಳಮಾತು ಎಂದರೆ ಆಟದಲ್ಲಿ ಸೋತ ಮಗುವಿನ ಬಾಯಿಗೆ ತಾನಾಗಿ ಬರುವ ಭಾಷೆ. ಅಲ್ಲಿ ಎಲ್ಲರದ್ದೂ ಕನ್ನಡವೇ. ಕನ್ನಡ ಶಾಲೆ ಎಲ್ಲಿ ಬೇಕೆಂದು ಇಲಾಖೆ ತೀರ್ಮಾನಿಸುವುದು ಈ ಎರಡನೇ ಕಾಲಂ ನೋಡಿಯೇ.

ನಿಮ್ಮಲ್ಲಿ ಈಗ ಮನೆಮಾತಿನ ಕಾಲಂ ಮಾತ್ರ ಇದೆ. ಇಪ್ಪತ್ಮೂರು ಮಕ್ಕಳಲ್ಲಿ ಹೆಚ್ಚಿನವರು ಬೋಟುಗಳಲ್ಲಿ ದುಡಿಯಲು ಒಡಿಶಾ, ಜಾರ್ಖಂಡ್, ನೇಪಾಳಗಳಿಂದ ಬಂದವರ ಮಕ್ಕಳು. ಕನ್ನಡ ಮನೆಮಾತಿನವರು ಕೊಪ್ಪಳದ ನಾಲ್ವರಷ್ಟೇ. "ಕನ್ನಡದ ಮಕ್ಕಳೇ ಇಲ್ಲದ ಕನ್ನಡ ಶಾಲೆ ಯಾಕೆ ಮೇಡಂ? ವಿಲೀನ ಮಾಡಿಬಿಡೋಣ" ಎಂದು ಶಿಕ್ಷಣ ಇಲಾಖೆಯ ಅಧಿಕಾರಿ ಹೇಳಿಹೋಗಿದ್ದಾರೆ. ಅವರು ಕೆಟ್ಟವರಲ್ಲ, ಕಾಗದದಲ್ಲಿದ್ದದ್ದನ್ನು ಓದಿದರು. ಆದರೆ ವಿಲೀನ ಮಾಡಬೇಕೆಂದಿರುವ ಇನ್ನೊಂದು ಶಾಲೆ ಇರುವುದು ಹೆದ್ದಾರಿಯಾಚೆ. ಮಕ್ಕಳು ಅಲ್ಲಿಗೆ ಹೋಗುವುದಿಲ್ಲ, ಮೀನು ಆಯಲು ಹೋಗುತ್ತಾರೆ. ಇದು ನಿಮಗೆ ಗೊತ್ತು. ಶೆಡ್ಡಿನಿಂದ ಶೆಡ್ಡಿಗೆ ನಡೆದು ಒಬ್ಬೊಬ್ಬರನ್ನೇ ಕರೆತಂದವರು ನೀವು. ಹಾಗೆ ಮಾಡಿ ಎಂದು ಯಾವ ಸುತ್ತೋಲೆಯೂ ನಿಮಗೆ ಹೇಳಿರಲಿಲ್ಲ.

ನಾಳೆ ಅಧಿಕಾರಿ ಮತ್ತೆ ಬರುತ್ತಾರೆ. ಅದಕ್ಕಾಗಿ ನೀವು ಒಂದು ಪದ್ಯ ಬಾಯಿಪಾಠ ಮಾಡಿಸುತ್ತಿದ್ದೀರಿ. ಮಕ್ಕಳು ಹೆದರಿ ತೊದಲುತ್ತಿದ್ದಾರೆ.

ನಿಮ್ಮ ಮೂರನೇ ತರಗತಿಯ ಸುಕಾಂತಿ ಬೆಹೆರಾ ನನ್ನ ಅಜ್ಜಿಯ ಮುತ್ತಜ್ಜಿ. ಮೊನ್ನೆ ಕುಂಟಾಬಿಲ್ಲೆ ಆಡುವಾಗ ಆ ಒಡಿಶಾದ ಹುಡುಗಿ ಕೂಗಿದ್ದನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳಿ ನಗುತ್ತೇವೆ: "ಹೋಯ್, ನಿನ್ನ ಕಾಲ್ ಗೆರಿ ಮೇಲಿತ್ತ್! ಕಳ್ಳಾಟ ಆಡುಕಾಗ!" ಕೊಪ್ಪಳದ ಯಲ್ಲವ್ವ ಬಿಡಲಿಲ್ಲ: "ಎಲ್ಲಿ ತುಳ್ದೀನಿ? ನಿನ್ನ ಕಣ್ಣಾಗ ಮೀನ ಹೊಕ್ಕಾವೇನ?" ನೇಪಾಳದ ಬಿಮಲಾ ತೀರ್ಪು ಕೊಟ್ಟಳು: "ಇಬ್ರೂ ಔಟ್, ಆಚಿಗ್ ಹೋಯ್ನಿ!" ನೀವು ಕಿಟಕಿಯಿಂದ ಗದರಿಸಿ ಮೂವರನ್ನೂ ಒಳಗೆ ಕರೆದಿರಿ.

ನನ್ನದೊಂದೇ ಕೋರಿಕೆ. ನಾಳೆ ಪದ್ಯ ಹೇಳಿಸಬೇಡಿ. ಅಧಿಕಾರಿಗೆ ಜಗಲಿಯಲ್ಲಿ ಕುರ್ಚಿ ಹಾಕಿ, ಮಕ್ಕಳನ್ನು ಆಟಕ್ಕೆ ಬಿಡಿ. ಜಗಳ ಶುರುವಾದರೆ ದಯವಿಟ್ಟು ಬಿಡಿಸಲು ಹೋಗಬೇಡಿ.

ಗೌರವದಿಂದ,
ನೀಲೋತ್ಪಲಾ ಬೆಹೆರಾ