ಎರಡನೇ ಪಾಳಿಯ ಊಟ

೬ ಮೇ ೧೯೬೨, ರವಿವಾರ, ಇಚಲಕರಂಜಿ

ನಾಳೆಯಿಂದ ನಮ್ಮೂರಿನ ಮಗ್ಗದ ಶೆಡ್ಡಿನಲ್ಲಿ ನನ್ನ ಕಾಲೇಜಿನ ತರಬೇತಿ. ಸಿಕ್ಕಿದ್ದು ಎರಡನೇ ಪಾಳಿ. ಅಲ್ಲಿ ಊಟಕ್ಕೆ ಬಿಡುವುದು ದೀಪ ಹಚ್ಚಿದ ಮೇಲೆ. ನಾವೋ ಜೈನರು, ಹೊತ್ತು ಮುಳುಗಿದರೆ ಉಣ್ಣುವವರಲ್ಲ. ಅವ್ವ ಹೋಗಬೇಡ ಎಂದಾಳೆಂದು ವಾರವಿಡೀ ಅಳುಕಿದ್ದೆ.

ಅವಳು ಹಾಗನ್ನಲಿಲ್ಲ.

"ಮಗ್ಗಾನೂ ನಿಂದ್ರಂಗಿಲ್ಲ, ಹೊತ್ತೂ ನಿಂದ್ರಂಗಿಲ್ಲ. ಮಧ್ಯಾಹ್ನನ ಹೊಟ್ಟಿತುಂಬ ಉಂಡು ಹೋಗು. ತಡೀತೈತೇನು, ಇವತ್ತ ನೋಡೂಣು" ಎಂದು ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ತಾನೂ ನನ್ನ ಜೊತೆಗೇ ಉಂಡಳು. ಸಂಜೆ ಒಲೆ ಹಚ್ಚಲೇ ಇಲ್ಲ.

ಇದನ್ನು ಬರೆಯುವಾಗ ಹೊಟ್ಟೆ ಗುರುಗುಡುತ್ತಿದೆ. ಹಾಸಿಗೆಯಿಂದಲೇ ಅವ್ವ ಕೇಳಿದಳು:

"ಹಸಿವಾಗೇತೇನೋ?"

"ಇಲ್ಲವ್ವಾ. ನಿನಗ?"

"ನನಗೂ ಇಲ್ಲ."

ಮೊದಲು ನಕ್ಕವಳು ಅವಳೇ.