ಕಾಗೆಯನ್ನು ಬಿಚ್ಚಬೇಡ

ಶೀನ,

ಹಿತ್ತಲಲ್ಲಿ ಹಗ್ಗಕ್ಕೆ ತಲೆಕೆಳಗಾಗಿ ಕಟ್ಟಿರುವ ಕಾಗೆಯನ್ನು ಬಿಚ್ಚಬೇಡ. ಕೊಂದದ್ದು ನಾನೇ. ಅದು ನೇತಾಡುತ್ತಿದ್ದರೆ ಉಳಿದವು ಕೋಳಿಗೂಡಿನ ಹತ್ತಿರ ಬರುವುದಿಲ್ಲ.

ಅಮಾವಾಸ್ಯೆ ಎಂದು ಬೆಳಿಗ್ಗೆ ಅಪ್ಪನಿಗೆ ಅನ್ನ ಇಟ್ಟೆಯಲ್ಲ, ಕೋಳಿಗೂಡಿನ ಮೇಲೆಯೇ ಇಡಬೇಕಿತ್ತಾ ಮಾರಾಯ? ನೀನು ಹೋಟೆಲ್ ಕೆಲಸಕ್ಕೆ ಹೋದದ್ದೇ ತಡ, ಕಾಗೆಗಳ ಹಿಂಡೇ ಇಳಿಯಿತು. ಅನ್ನ ಮುಗಿಸಿ, ಬಲೆ ಹರಿದ ಕಡೆಯಿಂದ ಒಳಗೆ ನುಗ್ಗಿದವು. ಕಾವಿಗೆ ಕೂತ ಕೋಳಿ ಮೊಟ್ಟೆ ಬಿಟ್ಟು ಏಳಲಿಲ್ಲ. ಒಂದು ಕಣ್ಣು ಕುಕ್ಕಿ ತೆಗೆದವು, ಆಗಲೂ ಏಳಲಿಲ್ಲ. ಒಡೆದ ಮೊಟ್ಟೆಗಳಲ್ಲಿ ಮರಿಗಳಿಗೆ ಆಗಲೇ ಕೊಕ್ಕು ಮೂಡಿತ್ತು. ತೆಂಗಿನ ಮಡಲಿನ ದಂಟು ಕೈಗೆ ಸಿಕ್ಕಿತು, ಒಂದರ ತಲೆ ಜಜ್ಜಿಹೋಗುವವರೆಗೂ ಹೊಡೆದೆ.

ಉಳಿದ ಮೂರು ಮೊಟ್ಟೆ ಅಡುಗೆಮನೆಯಲ್ಲಿ, ಬಲ್ಬಿನ ಕೆಳಗೆ, ನನ್ನ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಫ್ಯಾನ್ ಹಾಕಬೇಡ. ಕರೆಂಟು ಹೋದರೆ ಹೊಟ್ಟೆಗೆ ಒತ್ತಿಕೊಂಡು ಕೂತಿರು, ನಾಚಿಕೆ ಬೇಡ. ಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ದನದ ಆಸ್ಪತ್ರೆಗೆ ಹೊರಟಿದ್ದೇನೆ. ಬಸಳೆ ಸಾರು ಇದೆ, ಬಡಿಸಿಕೊಂಡು ಉಣ್ಣು.

ಪಕ್ಕದ ಮನೆಯ ತಮಿಳು ಸೆಲ್ವಿ ಗೋಡೆಯಾಚೆಯಿಂದ, "ಅಯ್ಯಯ್ಯೋ ಪಾಟಿ, ಅದು ತಾತಾನೇ ಆಗಿದ್ದರೆ?" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ನೀನೂ ಅದನ್ನೇ ಕೇಳುತ್ತೀ, ಗೊತ್ತು.

ಆ ಕೋಳಿ ಮರಿಯಾಗಿದ್ದಾಗ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಗೆ ತಂದವರು ನಿನ್ನಪ್ಪ. ಅದರ ಕಣ್ಣಿಗೆ ಬಾಯಿ ಹಾಕುವವರಲ್ಲ ಅವರು. ಆದರೂ ನಾನು ಕಾಗೆಯ ಮುಖ ನೋಡಿಕೊಂಡೇ ಹೊಡೆದೆ.

ಅಮ್ಮ